ಹಲಗಿ ಬಾರಿಸದ ಕೈ

ಸರಕಾರಿ ದವಾಖಾನೆ, ಸವದತ್ತಿ
೧೭-೩-೧೯೯೯

ನನ್ನ ಮುದ್ದಿನ ಸಂದೀಪನಿಗೆ,

ಅವ್ವನ ಆಶೀರ್ವಾದ. ಆರಾಮ ಇದ್ದೀಯಾ? ರಾಮದುರ್ಗದ ಹಾಸ್ಟೆಲಿನ ಊಟ ಮೈಗೆ ಹತ್ತುತ್ತಿದೆಯೋ, ಇಲ್ಲಾ ಮಾಸ್ತರ ಆಗುವ ಹುರುಪಿನಲ್ಲಿ ಉಪವಾಸ ಬಿದ್ದು ಓದುತ್ತಿದ್ದೀಯೋ? ನನ್ನ ಅಕ್ಷರ ನೋಡಿ ನಗಬೇಡ. ಪ್ರಾರ್ಥನೆ ಮನೆಯ ಸಿಸ್ಟರ್ ಕಲಿಸಿದ್ದು ಇಷ್ಟೇ, ಇಷ್ಟರಲ್ಲೇ ಎಲ್ಲ ಹೇಳಬೇಕು.

ಗಾಬರಿಯಾಗಬೇಡ, ನಿಮ್ಮಪ್ಪ ಬದುಕಿದ್ದಾನೆ. ಎರಡೂ ಕೈ ಮುರಿದಿವೆ. ಹೋದ ವಾರ ನಮ್ಮೂರಲ್ಲಿ ನಿಜಗುಣಪ್ಪ ಗೌಡರ ತಾಯಿ ತೀರಿಕೊಂಡರು. ಹೆಣದ ಮುಂದೆ ಹಲಗಿ ಬಾರಿಸಲು ಕೇರಿಗೆ ಕರೆ ಬಂತು. ದೀಕ್ಷಾಸ್ನಾನ ಆದ ಮೇಲೆ ಅಪ್ಪ ಹಲಗಿ ಮುಟ್ಟಿಲ್ಲವೆಂದು ನಿನಗೆ ಗೊತ್ತೇ ಇದೆ. "ಇನ್ನ ಮ್ಯಾಲ ಯಾರ ಹೆಣದ ಮುಂದೂ ನಾ ಬಾರಸಾಂವಲ್ಲ" ಅಂದುಬಿಟ್ಟ. ನಿನ್ನ ಸೋದರಮಾವ ಶಂಕ್ರೆಪ್ಪ ಒಬ್ಬನೇ ಹೋಗಿ ಬಾರಿಸಿದ. ಗೌಡರ ಸಿಟ್ಟು ಇಳಿಯಲಿಲ್ಲ. ಮರುದಿನದಿಂದ ಇಡೀ ಕೇರಿಗೆ ಹೊಲದ ಕೂಲಿ ಬಂದ್, ಗಿರಣಿಯಲ್ಲಿ ಹಿಟ್ಟು ಬೀಸುವುದೂ ಬಂದ್. ಯೇಸುವಿನ ಹೆಸರೆತ್ತದವರ ಮಕ್ಕಳೂ ಹಸಿದು ಮಲಗಿದರು.

ಭಾನುವಾರ ನಾವು ಪ್ರಾರ್ಥನೆಗೆ ಮಂಡಿಯೂರಿದ್ದಾಗ ಕೇರಿಯವರೇ ಬಾಗಿಲು ಒದ್ದು ನುಗ್ಗಿದರು. ಎಲ್ಲರಿಗಿಂತ ಮುಂದೆ ನನ್ನ ಒಡಹುಟ್ಟಿದ ಶಂಕ್ರೆಪ್ಪ. "ನಿಮ್ಮ ಯೇಸು ಬಂದು ನಮಗ ಜ್ವಾಳಾ ಹಾಕ್ತಾನೇನು? ಹಲಗಿ ಬಾರಸದ ಕೈ ನಿನಗ್ಯಾಕ ಬೇಕೋ!" ಎನ್ನುತ್ತ, ಅಪ್ಪನ ಕೈಗಳನ್ನು ಹೊಸ್ತಿಲ ಮೇಲೆ ಒತ್ತಿ ಹಿಡಿಸಿ, ಕೊಡಲಿಯ ಹಿಂಬದಿಯಿಂದ ಜಜ್ಜಿದ. ಎಲುಬು ಮುರಿದದ್ದು ನನಗೆ ಕೇಳಿಸಿತು. ಅಡ್ಡ ಬಂದ ಸಿಸ್ಟರ್ ಅವರ ತಲೆಯನ್ನೂ ಒಡೆದರು, ಅವರಿಗಿನ್ನೂ ಎಚ್ಚರವಿಲ್ಲ.

ಮರುದಿನ ಬಂದ ಪಾಸ್ಟರು ಕ್ಷಮಿಸವ್ವಾ ಎಂದರು. ಮುರಿದದ್ದು ಅವರ ಕೈಯಲ್ಲವಲ್ಲ! ಶಂಕ್ರೆಪ್ಪನನ್ನು ಹಸಿಯಾಗಿ ಸಿಗಿಯುವಷ್ಟು ಸಿಟ್ಟಿದೆ ನನಗೆ. ಆದರೆ ನಾನೇ ಎತ್ತಿ ಆಡಿಸಿದ ತಮ್ಮ, ನಿನಗೆ ಹೆಣ್ಣು ಕೊಡುವ ಮನೆ. ಫೌಜದಾರರ ಮುಂದೆ ಅಪ್ಪನೂ ನಾನೂ ಹೆಸರು ನುಂಗಿಕೊಂಡು ಕೂತೆವು. ಕೇರಿಯವರಂತೂ ಬಾಯಿ ಬಿಡಲಿಲ್ಲ.

ನೀನು ಬಡಿಗೆ ಹಿಡಿದು ಊರಿಗೆ ಬರಬೇಡ. ಪರೀಕ್ಷೆ ಬರಿ. ನಿನ್ನ ಎರಡು ಕೈಗಳನ್ನು ದೇವರು ಕಾಯಲಿ.

ನಿನ್ನ ಅವ್ವ,
ಶೆಟ್ಟೆವ್ವ

ತಾ.ಕ.: ನಾವು ನುಂಗಿದ ಹೆಸರನ್ನು ಠಾಣೆಯಲ್ಲಿ ಹೇಳಿದವಳು ಶಂಕ್ರೆಪ್ಪನ ಮಗಳು ಸಪ್ನಾ, ಈ ಪತ್ರ ನಿನ್ನ ಕೈಗೆ ಕೊಟ್ಟವಳು. ಮನೆಯವರ ಕಣ್ಣು ತಪ್ಪಿಸಿ ಪ್ರಾರ್ಥನೆಗೆ ಬಂದು ಹಿಂದೆ ಕೂತಿದ್ದಳು. "ನಮ್ಮಪ್ಪನೇ ಹೊಡದಾನ್ರಿ, ನಾ ಕಂಡೇನಿ" ಎಂದು ಸಹಿ ಮಾಡಿಬಿಟ್ಟಳು. ಇದನ್ನು ಅವಳ ಬಾಯಿಂದ ಹೇಳಿಸಬಾರದು ಅಂತಲೇ ನಾನು ಬರೆದೆ. ಶಂಕ್ರೆಪ್ಪ ಪೊಲೀಸರಿಗೆ ಸಿಕ್ಕಿಲ್ಲ, ಅದೇ ಕೊಡಲಿ ಹಿಡಿದು ಮಗಳನ್ನು ಹುಡುಕುತ್ತಿದ್ದಾನೆ. ಅವಳನ್ನು ಹೊರಗೆ ನಿಲ್ಲಿಸಿಕೊಂಡು ಓದುತ್ತಿದ್ದರೆ ಮೊದಲು ಒಳಗೆ ಕರೆದುಕೋ, ಬಾಗಿಲು ಹಾಕು.