ಒಂದು ಹಿಡಿ ಅಕ್ಕಿಯ ಮೇಲಿನ ತೀರ್ಪು

ಶ್ರಾವಣ ಮೂವತ್ತೆಂಟು, ಕ್ರಿ.ಶ. 2191
ಮೇಲ್ನಾಡು ಒಕ್ಕೂಟ

ಶತಮಾನಗಳ ಹಿಂದೆ ಕುಳಿತಿರುವ ಹಿರಿಯರಿಗೆ,

ನಿಮ್ಮ ಪಂಚಾಂಗದಲ್ಲಿ ಇಂಥ ದಿನವಿಲ್ಲ ಎಂದು ಬಲ್ಲೆ. ಮಳೆ ನಿಲ್ಲುವವರೆಗೆ ಶ್ರಾವಣ ಮುಗಿಸಬಾರದೆಂದು ನಮ್ಮ ಸರ್ಕಾರದ ನಿಯಮ. ಈ ವರ್ಷ ಅದು ನಿಲ್ಲುವ ಲಕ್ಷಣ ಕಾಣುತ್ತಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಾನು ಚಂಪಕಾ ದೇವರಮನಿ, ವಕೀಲೆ. ನಿನ್ನೆ ಒಂದು ಮೊಕದ್ದಮೆ ಸೋತೆ. ಇವತ್ತು ಬೆಳಿಗ್ಗೆ ನನ್ನ ಕಕ್ಷಿದಾರಳಾದ ಸುಗಂಧಿಯನ್ನೂ ಅವಳ ಪುಟ್ಟ ಮಗಳನ್ನೂ ಕರಾವಳಿಗೆ ವಾಪಸು ಕಳಿಸಿದರು. ಅಲ್ಲಿ ಅವರನ್ನು ಬದುಕಲು ಬಿಡುವುದಿಲ್ಲ.

ನೀವು ಬೀಚು ಎಂದು ಕರೆಯುತ್ತಿದ್ದ ಜಾಗಗಳೆಲ್ಲ ಈಗ ಸಮುದ್ರದೊಳಗಿವೆ. ಉಳಿದ ಜನ ಘಟ್ಟದ ಬುಡದಲ್ಲಿ ಒಂದು ದೊಡ್ಡ ಗೋಡೆಯ ಮರೆಯಲ್ಲಿದ್ದಾರೆ. ಗೋಡೆ ಕಾಯುವವರನ್ನು ಗೋಡೆಪಡೆ ಎನ್ನುತ್ತೇವೆ. ಅಲ್ಲಿ ಸರ್ಕಾರವೂ ಅವರೇ, ಪೊಲೀಸರೂ ಅವರೇ. ಸುಗಂಧಿಯ ಗಂಡ ವಾಮನ ಗೋಡೆ ಬಿರುಕು ಬಿಟ್ಟಿದೆ ಎಂದು ನಾಲ್ಕು ಜನರೆದುರು ಹೇಳಿದ. ಹೇಳಿದವನನ್ನು ಎತ್ತಿಕೊಂಡು ಹೋದರು, ಹೆಣವೂ ಸಿಗಲಿಲ್ಲ. ಮುಂದಿನ ಸರದಿ ತನ್ನದೆಂದು ತಿಳಿದು ಅವಳು ಮಗುವನ್ನು ಕಟ್ಟಿಕೊಂಡು ಘಟ್ಟ ಹತ್ತಿ ಬಂದಳು, ತಂಗುಚೀಟಿ ಕೇಳಿದಳು. ಜೀವಭಯದಿಂದ ಓಡಿ ಬಂದವರಿಗೆ ಇಲ್ಲಿ ಉಳಿಯಲು ನಾವು ಕೊಡುವ ಹಕ್ಕು ಅದು. ಅದನ್ನು ಕೇಳುವುದಕ್ಕೆ ನೀವು ನಿರಾಶ್ರಿತರ ಅರ್ಜಿ ಎನ್ನುತ್ತಿದ್ದಿರಿ.

ಇನ್ನು ನಮ್ಮ ಊಟದ ವಿಷಯ ಹೇಳಬೇಕು. ಮೇಲ್ನಾಡಿನ ಮನೆಗಳಲ್ಲಿ ಒಲೆಯಿಲ್ಲ. ಉರುವಲಿನ ಕಾಯ್ದೆ ಬಂದ ಮೇಲೆ ಒಲೆಗಳನ್ನು ಕಿತ್ತು ಹಾಕಿದರು. ಬೀದಿಯ ಕೊನೆಯ ಕ್ಯಾಂಟೀನಿನಲ್ಲಿ ದಿನಕ್ಕೆರಡು ಸಲ ಬಿಲ್ಲೆ ಕೊಡುತ್ತಾರೆ. ಕಾಳು, ಹಿಟ್ಟು ಒತ್ತಿ ಮಾಡಿದ ಚಪ್ಪಟೆ ತುಂಡು. ರುಚಿ ಕೇಳಬೇಡಿ. ಹಾಗಾಗಿ ನಮ್ಮ ಹುಡುಗರು ಅಕ್ಕಿ ಡಬ್ಬಿ ನೋಡಿಯೇ ಇಲ್ಲ. ಸುಗಂಧಿಯ ಅರ್ಜಿ ಕೇಳಿದ ಅಧಿಕಾರಿಯೂ ಅಂಥ ಒಬ್ಬ ಹುಡುಗ. ಮನೆಯಲ್ಲಿ ಏನೇನು ಬಿಟ್ಟು ಬಂದೆ ಎಂದು ಕೇಳಿದ. ಅವಳು ಸುಳ್ಳು ಹೇಳುವವಳಲ್ಲ. ಬಲೆ, ಚಾಪೆ, ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ ಎಂದಳು. ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಇಲ್ಲ ಎಂದಳು.

ಅಧಿಕಾರಿ ಆದೇಶ ಬರೆದ: ಹಸಿದ ಮಗುವನ್ನು ಕರೆದುಕೊಂಡು ಪ್ರಾಣಭಯದಿಂದ ಓಡುವವರು ಆಹಾರವನ್ನು ಬಿಟ್ಟು ಬರುವುದಿಲ್ಲ. ಅರ್ಜಿದಾರಳು ಮರಳುವ ಉದ್ದೇಶದಿಂದಲೇ ಅಕ್ಕಿ ಉಳಿಸಿದ್ದಾಳೆ. ಭಯದ ಕಥೆ ನಂಬಲರ್ಹವಲ್ಲ. ಅರ್ಜಿ ತಿರಸ್ಕೃತ.

ಓದಿ ಹೇಳಿದಾಗ ಸುಗಂಧಿ ನನ್ನ ಮುಖವನ್ನೇ ನೋಡಿದಳು. “ಅಕ್ಕಿ ಡಬ್ಬಿ ಪೂರ್ತಿ ಖಾಲಿ ಮಾಡ್ಲಿಕ್ಕುಂಟಾ ವಕೀಲಮ್ಮ? ಒಂದು ಹಿಡಿ ಬಿಡ್ಬೇಕಲ್ಲ. ಅದನ್ನೂ ಬಿಡಿಸಿ ಹೇಳ್ಬೇಕಾ?” ಎಂದಳು. ಅವಳ ತಾಯಿ ಬಿಟ್ಟಿದ್ದಳು, ಅಜ್ಜಿ ಬಿಟ್ಟಿದ್ದಳು. ನಿಮ್ಮ ಮನೆಗಳಲ್ಲೂ ಬಿಡುತ್ತಿದ್ದಿರಿ, ನನಗೆ ಗೊತ್ತು. ಸಾವು ಬಾಗಿಲಿಗೆ ಬಂದರೂ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಅದೇ ಅವಳ ತಪ್ಪು.

ನಾನು ಮರುನೋಟಕ್ಕೆ ಹೋದೆ. ನೀವು ನ್ಯಾಯಾಂಗ ಪರಿಶೀಲನೆ ಎಂದು ಉದ್ದ ಹೆಸರಿಟ್ಟದ್ದಕ್ಕೆ ನಮ್ಮ ಚುಟುಕು ಹೆಸರು. ಅಕ್ಕಿ ಯಾಕೆ ಬಿಟ್ಟೆ ಎಂದು ಅವಳನ್ನು ಒಂದು ಮಾತು ಕೇಳದೆ ಅದರ ಮೇಲೇ ತೀರ್ಮಾನ ಮಾಡಿದ್ದು ಅನ್ಯಾಯ ಎಂದು ವಾದಿಸಿದೆ. ನ್ಯಾಯಮೂರ್ತಿ ಬಸವಂತಯ್ಯನವರು ಹಳೆಯ ತಲೆಮಾರಿನವರು, ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: “ನೋಡಿ ದೇವರಮನಿಯವರೇ, ನಮ್ಮಮ್ಮನೂ ಒಂದು ಹಿಡಿ ಬಿಡ್ತಿದ್ರು. ಆದ್ರೆ ಈ ಕುರ್ಚಿ ಮೇಲೆ ಕೂತು ನಾನದನ್ನ ತಿಳ್ಕೊಂಡಿರೋ ಹಾಗಿಲ್ಲ.”

ಆಮೇಲೆ ತೀರ್ಪು ಓದಿದರು. ಬೇರೇನಾದರೂ ಇದೆಯೇ ಎಂದು ಕೇಳಲಾಗಿದೆ, ಅವಕಾಶ ಸಿಕ್ಕಿದೆ. ಕಾರಣ ಬರೆಯಲಾಗಿದೆ. ನಿರ್ಧಾರ ಸರಿಯೋ ತಪ್ಪೋ ಎಂಬುದನ್ನು ಈ ನ್ಯಾಯಾಲಯ ನೋಡುವುದಿಲ್ಲ, ಅದನ್ನು ಕೈಗೊಂಡ ರೀತಿಯನ್ನಷ್ಟೇ ನೋಡುತ್ತದೆ.

ಈ ವಾಕ್ಯಕ್ಕಾಗಿಯೇ ನಿಮಗೆ ಬರೆಯುತ್ತಿದ್ದೇನೆ. ಇದನ್ನು ಹುಟ್ಟಿಸಿದವರು ನಾವಲ್ಲ, ನಿಮ್ಮ ಕಾಲದ ತೀರ್ಪುಗಳಿಂದ ಎತ್ತಿಕೊಂಡೆವು. ನೀವು ಕರಾವಳಿಯನ್ನು ಉಳಿಸಲಿಲ್ಲ, ನದಿಗಳನ್ನು ಉಳಿಸಲಿಲ್ಲ, ಇದೊಂದನ್ನು ಮಾತ್ರ ಜೋಪಾನವಾಗಿ ನಮ್ಮ ಕೈಗಿತ್ತಿರಿ. ನ್ಯಾಯಾಧೀಶರೇ ಆಳುವವರಾಗಬಾರದೆಂದು ಅದನ್ನು ಬರೆದಿರಿ. ಅದು ನನಗೂ ಅರ್ಥವಾಗುತ್ತದೆ, ನಾನೂ ಕಾನೂನು ಓದಿದವಳೇ. ಆದರೆ ಅದರ ಹಿಂದೆ ಅಡಗಿ ಕೈ ತೊಳೆದುಕೊಳ್ಳುವವರು ಮುಂದೆ ಹುಟ್ಟುತ್ತಾರೆಂದು ನಿಮ್ಮಲ್ಲೊಬ್ಬರಿಗೂ ಹೊಳೆಯಲಿಲ್ಲವೇ? ನೆನೆದರೆ ಮೈ ಉರಿಯುತ್ತದೆ.

ಬೆಳಿಗ್ಗೆ ಇಳಿತೊಟ್ಟಿಲಿನ ನಿಲ್ದಾಣಕ್ಕೆ ಹೋಗಿದ್ದೆ. ಘಟ್ಟದಿಂದ ಕೆಳಕ್ಕೆ ಹಗ್ಗದ ಮೇಲೆ ಜಾರುವ ಕಬ್ಬಿಣದ ಪಂಜರ ಅದು; ಸಾವಿಗೆ ಕಳಿಸುವುದಕ್ಕೆ ನಾವಿಟ್ಟ ಹೆಸರು ಎಷ್ಟು ಮುದ್ದಾಗಿದೆ ನೋಡಿ. ಸುಗಂಧಿ ಕೂಗಾಡಲಿಲ್ಲ. “ಜಡ್ಜಿಗೆ ಗೊತ್ತಿತ್ತಂತಲ್ಲ. ಗೊತ್ತಿದ್ದೂ ಕಳಿಸುದಾ?” ಎಂದಳು. ದಾರಿಗೆಂದು ಕೊಟ್ಟ ಬಿಲ್ಲೆಯನ್ನು ಮಗುವಿಗೆ ತಿನ್ನಿಸಿದಳು, ತಾನೂ ತಿಂದಳು, ಒಂದು ಚೂರು ಮುರಿದು ತಟ್ಟೆಯಲ್ಲಿ ಬಿಟ್ಟಳು. ಕಾವಲಿನವನು ತಟ್ಟೆ ನೋಡಿ ಬರೆದುಕೊಂಡ: ಊಟ ಕೊಡಲಾಗಿದೆ, ಹಸಿವಿರಲಿಲ್ಲ.

ಹಿರಿಯರೇ, ಆ ವಾಕ್ಯ ಇನ್ನೂ ನಿಮ್ಮ ಕೈಯಲ್ಲಿದೆ. ಅದರ ಕೆಳಗೆ ಒಂದು ಸಾಲು ಸೇರಿಸಿ: ಒಂದು ಜೀವದ ಪ್ರಶ್ನೆ ಬಂದಾಗ, ನ್ಯಾಯಾಧೀಶರು ತಮ್ಮ ಮನೆಯಲ್ಲಿ ಬಲ್ಲದ್ದನ್ನು ಪೀಠದಲ್ಲೂ ಬಲ್ಲವರಾಗಿರಬೇಕು. ಬೇಗ ಬರೆಯಿರಿ. ಸಂಜೆಯೊಳಗೆ ತೊಟ್ಟಿಲು ಕೆಳಗೆ ಮುಟ್ಟುತ್ತದೆ.