ಎಡಗಡೆಯ ಅರ್ಧ ಎಲೆ

ಬುಧವಾರ
ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಿಂದ

ಇನ್ನೂ ಮುನಿಸಿಕೊಂಡೇ ಇರುವ ನನ್ನ ಅಮ್ಮನಿಗೆ,

ಹಾಳು ಸಿಗಾರ್ ಕಾರ್ಖಾನೆಯ ಸುದ್ದಿ ಅಂತ ಪತ್ರ ಮಡಚಿಡಬೇಡ. ಬೆಳಗ್ಗೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಊಟ ಬಿಟ್ಟು ಬರೆಯುತ್ತಿದ್ದೇನೆ.

ಭಾನುವಾರ ಕಾರ್ಖಾನೆಗೆ ಅರವತ್ತು ತುಂಬುತ್ತದೆ. ಬಾಗಿಲಲ್ಲಿ ಅಜ್ಜನ ಹೆಸರಿನ ಕಲ್ಲು ನಿಲ್ಲಿಸುತ್ತಾರೆ. ಸಿಗಾರ್ ಸುತ್ತುವ ಒಂದು ಹಲಗೆ, ಎಲೆ ಕತ್ತರಿಸುವ ಒಂದು ಬಾಗು ಚಾಕು ಹಿಡಿದು ಹಡಗಿನಿಂದ ಇಳಿದವರು ಒಬ್ಬರೇ ಇದನ್ನು ಕಟ್ಟಿದರು ಅಂತ ಕೆತ್ತಿಸುತ್ತಾರಂತೆ. ಅಜ್ಜನೂ ಹಾಗೇ ಹೇಳುತ್ತಿದ್ದರಲ್ಲ. ಈ ಊರಿನ ಭಾಷೆ ಅವರ ಬಾಯಲ್ಲಿ ಕೊನೆಯವರೆಗೂ ಬಾಡಿಗೆಗೇ ಇತ್ತು, 'ನಾನೊಬ್ನೇ' ಅನ್ನುವುದೊಂದೇ ಸ್ವಂತದ್ದು.

ಅವರ ಕೋಣೆಯ ಗಾಜಿನ ಕಪಾಟಿನಲ್ಲಿ ಮೊದಲ ವರ್ಷದ ಸಿಗಾರ್ ಪೆಟ್ಟಿಗೆ ಇದೆಯಲ್ಲ, ಯಾರೂ ಮುಟ್ಟಬಾರದು ಅನ್ನುತ್ತಿದ್ದರು. ಇವತ್ತು ಧೂಳು ಒರೆಸಲು ತೆಗೆದೆ. ಮೇಲಿನ ಸಾಲೆಲ್ಲ ಬಲಕ್ಕೆ ಸುತ್ತಿದ್ದು. ಕೆಳಗಿನ ಸಾಲೆಲ್ಲ ಎಡಕ್ಕೆ.

ಹೊಗೆಸೊಪ್ಪಿನ ಎಲೆಯ ನಡುನರ ಎಳೆದರೆ ಎರಡು ಅರ್ಧ ಸಿಗುತ್ತವೆ. ಒಂದನ್ನು ಬಲಕ್ಕೆ ಸುತ್ತಬೇಕು, ಇನ್ನೊಂದನ್ನು ಎಡಕ್ಕೆ. ಅಜ್ಜ ಬಲದ ಅರ್ಧವನ್ನಷ್ಟೇ ಸುತ್ತಿಸುತ್ತಿದ್ದರು, ಎಡದ್ದನ್ನು ಹೆಚ್ಚಿ ಒಳಗೆ ತುಂಬಿಸುತ್ತಿದ್ದರು. ತುಂಡು ದಾರವನ್ನೂ ಎಸೆಯದ ಮನುಷ್ಯ ಚೆಂದದ ಎಲೆ ಹಾಳು ಮಾಡುತ್ತಿದ್ದರು. ಕೇಳಿದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಪೆಟ್ಟಿಗೆ ಎತ್ತಿಕೊಂಡು ಹಿಂದಿನ ಬೀದಿಗೆ ಓಡಿದೆ. ಅಲ್ಲಿ ಬೆಂಚಿನ ದೊಡ್ಡಮ್ಮ ಇದ್ದಾಳೆ, ಅಜ್ಜ ಮೊದಲು ಕೆಲಸಕ್ಕಿಟ್ಟುಕೊಂಡವಳು. ನೋಡಿದವಳೇ ಕಣ್ಣೊರೆಸಿಕೊಂಡಳು. ನಿಮ್ಮಜ್ಜಿ ಎಡಚಿ ಕಣೇ, ಎಡದ ಅರ್ಧ ಅವಳ ಕೈಗೇ ಒಗ್ಗೋದು, ಗಂಡ ಹೆಂಡ್ತಿ ಎದುರುಬದುರು ಕೂತು ಒಂದೇ ಎಲೆ ಹಂಚ್ಕೊಂಡು ಸುತ್ತೋರು ಅಂದಳು. ಅಜ್ಜಿ ತೀರಿಕೊಂಡ ಮೇಲೆ ಅವಳ ಮಾತೇ ಎತ್ತಬಾರದು ಅಂತ ಯಜಮಾನರು ಎಲ್ಲರ ಬಾಯಿಗೂ ಬೀಗ ಹಾಕಿದರಂತೆ.

ಅಮ್ಮ, ಆಗ ನಿನಗೆ ಮೂರು ವರ್ಷ. ನಿನಗೆ ಹೇಗೆ ಗೊತ್ತಿರಬೇಕು. ಹದಿನಾರಕ್ಕೆ ನೀನು ಆ ಹಲಗೆಯ ಮುಂದೆ ಕೂತು ಎಡಗೈಯಲ್ಲಿ ಚಾಕು ಹಿಡಿದಾಗ ಅಜ್ಜ ಕಿತ್ತುಕೊಂಡು, ಈ ಕೈ ಇಲ್ಲಿಗೆ ಬೇಡ ಅಂತ ಆಚೆ ಕಳಿಸಿದರಲ್ಲ. ಅಂದಿನಿಂದ ನೀನು ಈ ಹೊಸ್ತಿಲು ತುಳಿದಿಲ್ಲ. ಅವತ್ತು ಅವರು ಎಲೆ ಕೋಣೆಯ ಬಾಗಿಲು ಹಾಕ್ಕೊಂಡು ಮಗು ಥರ ಅತ್ರು ಅಂದಳು ದೊಡ್ಡಮ್ಮ. ನನಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು. ನಿನ್ನ ಕೈ ನಿಮ್ಮಮ್ಮನದು ಅಂತ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಕಲ್ಲಿನ ಮೇಲೆ 'ಒಬ್ಬರೇ' ಅನ್ನುವುದು ಬೇಡ, ಇಬ್ಬರ ಹೆಸರೂ ಇರಲಿ ಅಂತ ಮ್ಯಾನೇಜರ್ ಹತ್ತಿರ ಜಗಳವಾಡಿದೆ. ಮೊಮ್ಮಗಳ ಮಾತು ಸಾಲದು, ಮಗಳೇ ಬಂದು ಹೇಳಲಿ ಅಂದರು. ಕಲ್ಲುಕುಟಿಗ ಶನಿವಾರ ಮಧ್ಯಾಹ್ನದವರೆಗೆ ಕಾಯುತ್ತಾನೆ. ಮುನಿಸು ಬಿಟ್ಟು ಬಾ ಅನ್ನುವುದಿಲ್ಲ, ಅದನ್ನೂ ಜೊತೆಗೆ ಕರೆದುಕೊಂಡೇ ಬಾ.

ನಿನ್ನ ದಾರಿ ಕಾಯುವ,
ಬಾಯಿಬಡುಕಿ ಮಗಳು

ಮರೆತಿದ್ದೆ: ಎಡದ ಅರ್ಧವನ್ನು ನಾನೇ ಸುತ್ತಿ ನೋಡಿದೆ. ಹರಿದುಹೋಯಿತು. ನನ್ನದು ಅಜ್ಜನ ಕೈ. ಇನ್ನೊಂದು ಎಲೆ ಸೀಳಿ ಬಲದ ಅರ್ಧ ಸುತ್ತಿ ಇಟ್ಟಿದ್ದೇನೆ. ಎಡದ್ದು ಒದ್ದೆ ಬಟ್ಟೆಯೊಳಗೆ, ಹಲಗೆಯ ಎದುರು ಬದಿ ಅಜ್ಜಿಯ ಜಾಗದಲ್ಲಿ ಇದೆ. ಶನಿವಾರದವರೆಗೆ ಒಣಗುವುದಿಲ್ಲ.