ಬೆಳಕು ಕಂಡ ಮಣ್ಣು

ಟೆಹ್ರಾನ್
ಖೊರ್ದಾದ್ ಹನ್ನೆರಡು

ಅಮ್ಮಾ, ನಿನ್ನ ಎರಡೂ ಕೈಗಳಿಗೆ ಮುತ್ತು.

ನಾನು ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ಪಕ್ಕದ ಮನೆಯ ಮಾಹ್‌ರೊಖ್ ಓದಿ ಹೇಳುವಾಗ ಬಾಗಿಲು ಹಾಕಿಕೋ. ಕೋಣೆಯಲ್ಲಿ ಕೂಲಿಯವರೆಲ್ಲ ಮಲಗಿದ್ದಾರೆ, ಅದಕ್ಕೇ ಮೆಟ್ಟಿಲ ಮೇಲೆ ಕೂತಿದ್ದೇನೆ. ಊಟ ಆಯಿತು, ಕೇಳಬೇಡ.

ಎಂಜಿನಿಯರಮ್ಮ ಶೆಹರ್ನಾಜ್ ಫೋನ್ ಮಾಡಿದ್ದರು. ಊರಿಗೆ ನೀರು ತರುವ ನಮ್ಮ ಸುರಂಗ ಕಾಲುವೆ, ಆ ಕನಾತಿನ ವಯಸ್ಸು ಗೊತ್ತಾಗಲಿಲ್ಲವಂತೆ. ಸುರಂಗ ಶುರುವಾಗುವ ತಾಯಿಬಾವಿಯ ದಿಬ್ಬದೊಳಗಿಂದ ಉಕ್ಕಿನ ಕೊಳವೆಯಲ್ಲಿ ತೆಗೆದು, ಒಂದು ದಿನ ನಮ್ಮನೆಯಲ್ಲಿ ಇಟ್ಟಿದ್ದರಲ್ಲ, ಆ ಮಣ್ಣು ಬೆಳಕು ಕಂಡುಬಿಟ್ಟಿದೆ. ನೆಲದಡಿ ಸುರಂಗ ತೋಡಿದವರು ಮೇಲೆ ಸುರಿದ ಮಣ್ಣು ಎಷ್ಟು ಕಾಲದಿಂದ ಕತ್ತಲಲ್ಲಿದೆ ಅನ್ನುವುದೇ ಅವರ ಲೆಕ್ಕ. ಬಿಸಿಲು ಸೋಕಿತೋ, ಅಷ್ಟೂ ಕಾಲ ಅಳಿಸಿಹೋಗುತ್ತದೆ. "ಯಾರಪ್ಪಾ ಮುಚ್ಚಳ ತೆಗ್ದಿದ್ದು? ಕತ್ತೆಗೆ ಹೇಳಿದ್ರೂ ಅರ್ಥ ಆಗ್ತಿತ್ತು!" ಅಂತ ಬೈದರು. ನಾನೇ ತೆಗೆದೆ ಅಂದೆ. ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು.

ಇನ್ನೊಮ್ಮೆ ತೆಗೆಯೋಣ ಅಂದರೆ ತೋಟದ ಧಣಿ ಹಾಜಿ ಸಾಲಾರಿ ಬುಲ್ಡೋಜರ್ ಬಿಟ್ಟು ಆ ದಿಬ್ಬವನ್ನೂ ಸುರಂಗದುದ್ದಕ್ಕೂ ಇದ್ದ ಬಾವಿಗಳ ದಿಬ್ಬಗಳನ್ನೂ ಸವರಿ ಪಿಸ್ತಾ ಗಿಡ ನೆಟ್ಟಿದ್ದಾನೆ. ಕನಾತು ಪುರಾತನ ಅಂತ ರುಜುವಾತಾದರೆ ಮಾತ್ರ ನಮ್ಮ ನೀರು ಹೀರುವ ಅವನ ಕೊಳವೆಬಾವಿಯ ಪಂಪು ನಿಲ್ಲುತ್ತದೆ. ದಾಳಿಂಬೆ ಹಣ್ಣಾಗುವ ಹೊತ್ತಿಗೆ ಕೋರ್ಟಿನಲ್ಲಿ ವಿಚಾರಣೆ. ಅಷ್ಟರಲ್ಲಿ ಏನೂ ಸಿಗದಿದ್ದರೆ ನೀರು ಮುಗಿಯಿತು, ಊರೂ ಮುಗಿಯಿತು.

ಊರಿನ ಹಿರಿಯ ಮಶ್ದಿ ಖಲೀಲ್ ಬೇರೆ ಫೋನಿನಲ್ಲಿ ಪ್ರಾಣ ತಿನ್ನುತ್ತಾನೆ. "ನಿಮ್ಮಮ್ಮ ಚಳಿ ಅಂತ ಕನಾತಲ್ಲಿ ಬರೀ ಕಾಲು ಅದ್ದಿ ಬರ್ತಾಳಂತೆ ಕಣಯ್ಯ. ಹಿಂಗಾದ್ರೆ ಗಂಡ ಮುನಿಸ್ಕೊಳ್ದೆ ಇರ್ತಾನಾ? ಬೇರೆ ವಿಧವೇನ ನೋಡ್ತಿದೀವಿ, ಸ್ವಲ್ಪ ಚಿಕ್ಕೋಳು."

"ನೋಡಿ ಮಾವ, ಹೆಣ್ಣು ಒಪ್ಬಹುದು. ಮದುಮಗನಿಗೇ ಉಸಿರು ನಿಲ್ತಿದೆಯಲ್ಲ!" ಅಂದೆ. ಫೋನ್ ಇಟ್ಟುಬಿಟ್ಟ.

ನಗಬೇಡಮ್ಮ. ಸುರಂಗ ಕುಸಿದು ಅಪ್ಪ ಒಳಗೇ ಉಳಿದ ವರ್ಷ, ನೀರು ಗಂಡು, ಹೆಂಡತಿಯಿಲ್ಲದಿದ್ದರೆ ಬತ್ತುತ್ತಾನೆ ಅಂತ ಅದೇ ಕನಾತಿಗೆ ನಿನ್ನನ್ನು ಮದುವೆ ಮಾಡಿಕೊಟ್ಟರು. ಅಪ್ಪನನ್ನು ನುಂಗಿದವನ ಮೈಯಲ್ಲಿ ನೀನು ಮೀಯಬೇಕು, ಅದಕ್ಕೆ ಊರು ಗೋಧಿ ಕೊಡುತ್ತದೆ. "ನಿನ್ನ ಮಲತಂದೆ ಚೆನ್ನಾಗಿದಾನೇನೋ?" ಅಂತ ಹುಡುಗರು ರೇಗಿಸುತ್ತಿದ್ದಾಗ ನಾನು ಕಲ್ಲು ಎಸೆಯುತ್ತಿದ್ದೆ. ಈಗ ಅದೇ ಮಲತಂದೆಯ ಜೀವ ಉಳಿಸಲು ಕಚೇರಿಯಿಂದ ಕಚೇರಿಗೆ ನಾಯಿಯ ಹಾಗೆ ಅಲೆಯುತ್ತಿದ್ದೇನೆ.

ಮುಟ್ಟದೆ ಉಳಿದಿರುವುದು ಒಂದೇ ದಿಬ್ಬ. ಅಪ್ಪ ಇರುವ ಬಾವಿಯದು. ಸಮಾಧಿ ಅಂತ ಹಾಜಿಯೂ ಅದರ ಹತ್ತಿರ ಹೋಗಿಲ್ಲ. ಎಂಜಿನಿಯರಮ್ಮ ಬೆಳಕು ಬೀಳದಂತೆ ಕಪ್ಪು ಬಟ್ಟೆ ಹೊದ್ದು, ದಿಬ್ಬದ ಅಂಚಿನಲ್ಲಿ ಮೊಣಕಾಲುದ್ದ ಅಗೆದು ಕೊಳವೆ ಹೊಡೆಯುತ್ತಾರೆ, ಅಷ್ಟೆ. ಅಪ್ಪನವರೆಗೆ ಹೋಗುವುದಿಲ್ಲ. ಆದರೂ ಸತ್ತವರ ಹೆಂಡತಿಯ ಒಪ್ಪಿಗೆಯಿಲ್ಲದೆ ಮುಟ್ಟುವುದಿಲ್ಲ ಅಂದಿದ್ದಾರೆ. ಕೊಡಮ್ಮ. ಕಾಲು ಹಿಡಿಯುತ್ತೇನೆ.

ಮಣ್ಣು ಒದ್ದೆಯಾಗಿತ್ತು, ಅದಕ್ಕೇ ಬಿಸಿಲಿಗೆ ಹರವಿದೆ ಅಂದೆಯಲ್ಲ. ಕೊಳವೆಯ ಎರಡೂ ಬಾಯಿಗೆ ಮುಚ್ಚಳ ಹಾಕಿ ಕಪ್ಪು ಪಟ್ಟಿ ಸುತ್ತಿತ್ತು. ಬಿಚ್ಚದೆ ಒದ್ದೆ ಅಂತ ಹೇಗೆ ಗೊತ್ತಾಗುತ್ತದೆ? ಬೆಳಕು ತೋರಿಸಬೇಡ ಅಂತ ನಿನಗೆ ಹೇಳಿದವನೇ ನಾನು. ಆ ನೀರಿನ ಗಂಡ ಸಾಯಲಿ ಅಂತಲೇ ಬಿಚ್ಚಿದೆ, ಅಲ್ಲವಾ? ನನಗೆ ಸಿಟ್ಟಿಲ್ಲ. ಆದರೆ ಅವನು ಸತ್ತರೆ ನೀನು ಎಲ್ಲಿಗೆ ಹೋಗುತ್ತೀ? ಇಲ್ಲಿ ನನಗೇ ಕಾಲು ಚಾಚಲು ಜಾಗವಿಲ್ಲ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ,
ನೊಸ್ರತ್

ಮರೆತದ್ದು: ಅಮ್ಮಾ, ಒಪ್ಪಿಗೆಯ ಕಾಗದಕ್ಕೆ ನಿನ್ನ ಹೆಸರಿನಲ್ಲಿ ನಾನೇ ಹೆಬ್ಬೆಟ್ಟು ಒತ್ತಿ ಕೊಟ್ಟಾಗಿದೆ. ಗುರುವಾರ ಅವರು ಬರುತ್ತಾರೆ, ನಾನೂ ಬರುತ್ತೇನೆ. ಸನಿಕೆ ನನ್ನ ಕೈಯಲ್ಲೇ ಇರುತ್ತದೆ. ಬೇಡ ಅನಿಸಿದರೆ ಯಾರಿಗೂ ಏನೂ ಹೇಳಬೇಡ, ಬಂದು ನನ್ನ ಕೈ ಹಿಡಿದುಕೋ. ನಾನು ಅಗೆಯುವುದಿಲ್ಲ.